ಸಮಾಲೋಚನೆಯ ಕೋಣೆಯಲ್ಲಿ ಎಷ್ಟು ಕುರ್ಚಿ?

‘ಒಮ್ಮೆ ಕೌನ್ಸೆಲಿಂಗ್‌ಗೆ ಹೋಗಿ ಬನ್ನಿ’ ಎಂದು ಡಾಕ್ಟರೋ ಸ್ನೇಹಿತರೋ ಹೇಳಿದ ಕೂಡಲೇ ನಮ್ಮವರಲ್ಲಿ ಏಳುವ ಮೊದಲ ಪ್ರಶ್ನೆ, ‘ನನಗೇನು ತಲೆ ಕೆಟ್ಟಿದೆಯಾ?’ ಆ ಸಿಟ್ಟು ತಣ್ಣಗಾದ ಮೇಲೆ ಬರುವ ಎರಡನೆಯ ಪ್ರಶ್ನೆಗೆ ಹೆಚ್ಚು ತೂಕವಿದೆ: ‘ಅಲ್ಲಿ ಹೋದರೆ ಏನು ಮಾಡುತ್ತಾರೆ?’ ಕಣ್ಣಿನ ಡಾಕ್ಟರ ಬಳಿ ಹೋದರೆ ಅಕ್ಷರ ಓದಿಸುತ್ತಾರೆ, ಲ್ಯಾಬಿಗೆ ಹೋದರೆ ರಕ್ತ ತೆಗೆಯುತ್ತಾರೆ. ಆಪ್ತಸಮಾಲೋಚಕರ ಕೋಣೆಯಲ್ಲಿ ನಡೆಯುವುದು ಬರೀ ಮಾತು. ಮಾತಾಡಲು ಮನೆಯಲ್ಲಿ ಜನರಿಲ್ಲವೇ? ಅದಕ್ಕೂ ಸಮಯ ಗೊತ್ತು ಮಾಡಿಕೊಂಡು, ಫೀಸು ಕೊಟ್ಟು ಹೋಗಬೇಕೇ?

ಹೋಗುವವರಲ್ಲೂ ಹೆಚ್ಚಿನವರ ನಿರೀಕ್ಷೆ ಒಂದೇ. ಒಳಗೆ ಕೂತ ತಿಳಿದವರು ನಮ್ಮ ಕಥೆ ಕೇಳಿ, ಯಾರದು ತಪ್ಪು ಎಂದು ತೀರ್ಮಾನಿಸಿ, ನಾಲ್ಕು ಬುದ್ಧಿಮಾತು ಹೇಳಿ ಕಳಿಸುತ್ತಾರೆ ಎಂಬುದು. ‘ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಸಾರ್’ ಎಂದು ಮಗನನ್ನೋ ಗಂಡನನ್ನೋ ಮುಂದೆ ತಳ್ಳಿ ನಿಲ್ಲುವವರನ್ನು ಎಲ್ಲ ಸಮಾಲೋಚಕರೂ ನೋಡಿರುತ್ತಾರೆ. ಮೊದಲ ದಿನವೇ ಬೇಸರವಾಗುವುದು ಈ ನಿರೀಕ್ಷೆಯಿಂದ. ಬುದ್ಧಿವಾದ ನಮ್ಮಲ್ಲಿ ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತದೆ. ಅದರಿಂದ ಆಗುವಂತಿದ್ದರೆ ಇಷ್ಟರಲ್ಲಿ ಆಗಿರುತ್ತಿತ್ತು.

ಬಾಗಿಲೊಳಗೆ ಇಟ್ಟ ಮೈಕು

ಈ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ಬಹುಕಾಲ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಚಿಕಿತ್ಸಕರು ನೆನಪಿನಿಂದ ಬರೆದದ್ದೇ ದಾಖಲೆ. 1940ರ ದಶಕದ ಆರಂಭದಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಲ್ ರೋಜರ್ಸ್ ಕೋಣೆಯಲ್ಲಿ ಮೈಕು ಇಟ್ಟರು. ಆಗಿನ ಯಂತ್ರದಲ್ಲಿ ಕೆಲವೇ ನಿಮಿಷಕ್ಕೊಮ್ಮೆ ತಟ್ಟೆ ಬದಲಿಸಬೇಕಿತ್ತು. ಹಾಗೆ ಹಿಡಿದಿಟ್ಟ ಎಂಟು ಭೇಟಿಗಳ ಮಾತನ್ನು ಒಂದಕ್ಷರ ಬಿಡದೆ 1942ರಲ್ಲಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ರೋಜರ್ಸ್ ಒತ್ತಿ ಹೇಳಿದ್ದು ಇಷ್ಟು: ಸಲಹೆ ಕೊಡುವ ಅವಸರವನ್ನು ಸಮಾಲೋಚಕ ತಡೆದುಕೊಂಡು, ಎದುರಿನವರು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡು, ಅದನ್ನು ಸ್ಪಷ್ಟಪಡಿಸಿ ಮರಳಿ ಅವರ ಮುಂದಿಟ್ಟರೆ ಅವರೇ ಮುಂದಿನ ಹೆಜ್ಜೆ ಹುಡುಕಿಕೊಳ್ಳುತ್ತಾರೆ.

ಇದರಿಂದ ನಿಜವಾಗಿ ಗುಣವಾಗುತ್ತದೆಯೇ ಎಂಬ ಜಗಳ ಮುಂದೆ ಮೂರು ದಶಕ ನಡೆಯಿತು. ಮನೋಚಿಕಿತ್ಸೆ ಪಡೆದವರಿಗೂ ಪಡೆಯದೆ ತಾವಾಗಿ ಚೇತರಿಸಿಕೊಂಡವರಿಗೂ ವ್ಯತ್ಯಾಸವೇ ಕಾಣುವುದಿಲ್ಲ ಎಂದು ಲಂಡನ್ನಿನ ಹಾನ್ಸ್ ಐಸೆಂಕ್ 1952ರಲ್ಲಿ ಕಟುವಾಗಿ ಬರೆದರು. ಉತ್ತರ ಬಂದದ್ದು 1977ರಲ್ಲಿ. ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ಶೇ. 75ರಷ್ಟು ಜನರಿಗಿಂತ ಉತ್ತಮ ಸ್ಥಿತಿಯಲ್ಲಿದ್ದ. ಯಾವ ಪದ್ಧತಿಯ ಚಿಕಿತ್ಸೆ ಎಂಬುದರಿಂದ ಆದ ವ್ಯತ್ಯಾಸ ಮಾತ್ರ ತೀರಾ ಕಡಿಮೆ.

ಹಾಗಾದರೆ ಕೆಲಸ ಮಾಡುವುದು ಯಾವುದು? ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಮೂರು ಅಂಶಗಳನ್ನು ಹೆಸರಿಸಿದರು. ಇಬ್ಬರ ನಡುವಿನ ವಿಶ್ವಾಸ ಒಂದು. ಎಲ್ಲಿಗೆ ತಲುಪಬೇಕು ಎಂಬ ಬಗ್ಗೆ ಒಪ್ಪಂದ ಇನ್ನೊಂದು. ಅದಕ್ಕಾಗಿ ಏನೇನು ಮಾಡಬೇಕು ಎಂಬ ಒಪ್ಪಂದ ಮೂರನೆಯದು. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 295 ಅಧ್ಯಯನಗಳನ್ನು, 30 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು. ಈ ಮೂರೂ ಗಟ್ಟಿಯಾಗಿದ್ದಷ್ಟೂ ಫಲಿತಾಂಶ ಚೆನ್ನಾಗಿರುತ್ತದೆ ಎಂಬುದು ಅಲ್ಲಿ ಮತ್ತೆ ಕಂಡಿತು. ಸಂಬಂಧದ ಬಲ ಮಧ್ಯಮ ಪ್ರಮಾಣದ್ದು, ಆದರೆ ಪದ್ಧತಿ ಬದಲಾದರೂ ದೇಶ ಬದಲಾದರೂ ಅದು ಮಾಯವಾಗಲಿಲ್ಲ. ಮೂರರಲ್ಲಿ ಎರಡು ಒಪ್ಪಂದಗಳು ಎಂಬುದನ್ನು ಗಮನಿಸಿ. ಒಪ್ಪಂದ ಎಂದಮೇಲೆ ನಿಮ್ಮ ಪಾಲೂ ಇದೆ.

ಮೊದಲ ಭೇಟಿ

ಮೊದಲ ಒಂದೆರಡು ಭೇಟಿಗಳು ಬಹುಪಾಲು ಪರಿಚಯ, ವಿಚಾರಣೆಯಲ್ಲೇ ಕಳೆಯುತ್ತವೆ. ಒಂದು ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಈಗ ಬರಲು ಕಾರಣವೇನು, ತೊಂದರೆ ಯಾವಾಗಿನಿಂದ, ನಿದ್ದೆ ಹೇಗಿದೆ, ಊಟ ಸೇರುತ್ತಿದೆಯೇ, ಕುಡಿತ ಇದೆಯೇ, ಥೈರಾಯ್ಡ್‌ನಂಥ ಕಾಯಿಲೆ ಇದೆಯೇ, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದೆಲ್ಲ ಕೇಳುತ್ತಾರೆ. ‘ಬದುಕು ಸಾಕು ಅನ್ನಿಸಿದ್ದುಂಟೇ?’ ಎಂದೂ ನೇರವಾಗಿ ಕೇಳುತ್ತಾರೆ. ಬೆಚ್ಚಬೇಡಿ. ಆತ್ಮಹತ್ಯೆಯ ಬಗ್ಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳದಿದ್ದರೆ ಅದು ಒಳಗೇ ಉಳಿಯುತ್ತದೆ.

ಕೆಲವೆಡೆ ಕೈಗೆ ಒಂದು ಹಾಳೆ ಕೊಡುತ್ತಾರೆ. ಖಿನ್ನತೆಗೆ ಹೆಚ್ಚಾಗಿ ಬಳಸುವ ಪಿಎಚ್‌ಕ್ಯೂ-9 ಎಂಬುದರಲ್ಲಿ ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗಾಯಿತು ಎಂದು ಗುರುತು ಹಾಕುತ್ತ ಹೋದರೆ 0ಯಿಂದ 27ರೊಳಗೆ ಒಂದು ಅಂಕ ಬರುತ್ತದೆ. ಇದು ಪಾಸು–ಫೇಲಿನ ಪರೀಕ್ಷೆ ಅಲ್ಲವೇ ಅಲ್ಲ. ಎರಡು ತಿಂಗಳ ನಂತರ ಅದೇ ಹಾಳೆ ತುಂಬಿದಾಗ ಅಂಕ ಇಳಿದಿದೆಯೇ ಎಂದು ನೋಡುವುದಕ್ಕೆ ಇಟ್ಟುಕೊಂಡ ಅಳತೆ.

ಹೇಳಿದ್ದೆಲ್ಲ ಗುಟ್ಟಾಗಿ ಉಳಿಯುತ್ತದೆಯೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಅಸ್ವಾಸ್ಥ್ಯವಿರುವವರ ಮಾಹಿತಿಯನ್ನು ಗೋಪ್ಯವಾಗಿಡುವುದು ಅವರ ಹಕ್ಕು ಎಂದು ಹೇಳುತ್ತದೆ. ಆದರೆ ಈ ಗೋಪ್ಯತೆಗೆ ಗಡಿಗಳಿವೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದ್ದರೆ, ನ್ಯಾಯಾಲಯ ಆದೇಶಿಸಿದರೆ ಅದನ್ನು ಸಡಿಲಿಸಬೇಕಾಗುತ್ತದೆ. ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಒಳ್ಳೆಯ ಸಮಾಲೋಚಕರು ಈ ಗಡಿಗಳನ್ನು ನೀವು ಬಾಯಿ ಬಿಡುವ ಮೊದಲೇ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ಒಂದು ಕುರ್ಚಿ

ಒಬ್ಬರೇ ಹೋದಾಗ ಕೆಲಸ ಸರಳ, ಬಂದವರೇ ಕಕ್ಷಿದಾರರು. ಇಲ್ಲಿ ನಮ್ಮ ಪಕ್ಕದ ಗೋವಾದಲ್ಲಿ ನಡೆದ ಪ್ರಯೋಗವೊಂದನ್ನು ನೋಡುವುದು ಒಳ್ಳೆಯದು. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ತೀವ್ರವಾಗಿದ್ದ 495 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಆರರಿಂದ ಎಂಟು ಭೇಟಿಗಳ ಸಮಾಲೋಚನೆ, ಒಂದೊಂದೂ 30–40 ನಿಮಿಷ. ಮಾತಾಡಿಸಿದವರು ಮನೋವೈದ್ಯರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಈ ಕ್ಷೇತ್ರದ ಹಿನ್ನೆಲೆಯೇ ಇಲ್ಲದ, ಹೊಸದಾಗಿ ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ. 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಆರೈಕೆಯವರಲ್ಲಿ ಆ ಪ್ರಮಾಣ ಶೇ. 39. ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯ 2017ರ ಸಂಚಿಕೆಯಲ್ಲಿದೆ.

ಆ ಕೆಲವೇ ಭೇಟಿಗಳಲ್ಲಿ ಮಾಡಿದ್ದೇನು? ಮೂಲ ತತ್ವ ಇಷ್ಟು: ಮನಸ್ಸು ಕುಗ್ಗಿದಾಗ ನಾವು ಒಂದೊಂದಾಗಿ ಕೆಲಸ ಬಿಡುತ್ತೇವೆ, ಬಿಟ್ಟಷ್ಟೂ ಖುಷಿ ಕೊಡುವ ಸಂಗತಿಗಳು ಕಡಿಮೆಯಾಗುತ್ತವೆ, ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ಕೆಲಸದ ಕಡೆಯಿಂದ ಮುರಿಯಬೇಕು. ಹಾಸನದ ಕಡೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿ ಹೀಗೆ ಬಂದಿದ್ದಾರೆ ಎಂದು ಊಹಿಸಿಕೊಳ್ಳಿ. ‘ಯಾವುದರಲ್ಲೂ ಮನಸ್ಸಿಲ್ಲ’ ಎಂದಷ್ಟೇ ಅವರು ಹೇಳುವುದು. ಸಮಾಲೋಚಕಿ ಒಂದು ಹಾಳೆಯಲ್ಲಿ ವಾರದ ಏಳು ದಿನಗಳ ಗೆರೆ ಎಳೆದು, ಏನು ಮಾಡುತ್ತಿದ್ದಿರಿ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದು ತರಲು ಹೇಳುತ್ತಾರೆ. ಮುಂದಿನ ಭೇಟಿಯಲ್ಲಿ ಹಾಳೆ ಮೇಜಿನ ಮೇಲಿದೆ. ಬುಧವಾರ ಸಂಜೆ 5 ಗಂಟೆ: ಮಲಗಿದ್ದೆ, 2. ಗುರುವಾರ ಸಂಜೆ 5 ಗಂಟೆ: ಅಕ್ಕನ ಜೊತೆ ಸಂತೆಗೆ ಹೋದೆ, ಬಲವಂತಕ್ಕೆ, 5. ಶುಕ್ರವಾರ: ಉತ್ತರಪತ್ರಿಕೆ ಮುಂದಿಟ್ಟುಕೊಂಡು ಕೂತಿದ್ದೆ, ತಿದ್ದಲಿಲ್ಲ, 1.

‘ಗುರುವಾರದ್ದು ನೋಡಿ ಏನನ್ನಿಸುತ್ತೆ?’

‘ಹೋಗೋಕೆ ಮನಸ್ಸಿರಲಿಲ್ಲ. ಹೋದ್ಮೇಲೆ ಪರವಾಗಿಲ್ಲ ಅನ್ನಿಸ್ತು.’

‘ಮತ್ತೆ ಈ ಪೇಪರ್‌ಗಳು?’

‘ನಲವತ್ತಿವೆ. ನೋಡಿದ್ರೇ ಎದೆ ಹೊಡ್ಕೊಳ್ಳುತ್ತೆ.’

‘ನಾಳೆ ಐದು ತಿದ್ದಬಹುದಾ?’

‘ಐದಾ? ಮೂರಂತೂ ಆಗುತ್ತೆ.’

ಮೂರು ಎಂದೇ ಗೊತ್ತಾಯಿತು. ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂಬ ಮಾತು ಇಲ್ಲಿ ಎಲ್ಲೂ ಬರಲಿಲ್ಲ. ಮನಸ್ಸು ಬಂದ ಮೇಲೆ ಕೆಲಸ ಎಂದುಕೊಂಡಿದ್ದವರು, ಕೆಲಸದ ಹಿಂದೆ ಮನಸ್ಸು ಬರುವುದನ್ನು ತಮ್ಮದೇ ಕೈಬರಹದಲ್ಲಿ ಕಂಡರು. ಅರ್ಧ ಚಿಕಿತ್ಸೆ ನಡೆಯುವುದು ಎರಡು ಭೇಟಿಗಳ ನಡುವಿನ ಆರು ದಿನಗಳಲ್ಲಿ, ಇಂಥ ಹಾಳೆಯ ಮೇಲೆ.

ಹಾಗೆಂದು ಸಮಾಲೋಚಕರು ಬಾಯಿ ಹೊಲಿದುಕೊಂಡು ಕೂರಬೇಕೆಂದಿಲ್ಲ. ಗುರು–ಚೇಲಾ ಸಂಬಂಧದಲ್ಲಿ ಭಾರತೀಯರಿಗೆ ಒಗ್ಗುವ ಚಿಕಿತ್ಸೆಯ ಮಾದರಿ ಇದೆಯೇ ಎಂಬ ಪ್ರಶ್ನೆಯನ್ನು ಮನೋವೈದ್ಯ ಜೆ.ಎಸ್. ನೇಕಿ 1973ರಷ್ಟು ಹಿಂದೆಯೇ ಎತ್ತಿದ್ದರು. ದಾರಿ ತೋರಿಸುವವರು ಬೇಕು ಎಂಬ ನಮ್ಮ ಜನರ ಬಯಕೆಯನ್ನು ತಿಳಿದ ಸಮಾಲೋಚಕರು ಮೊದಮೊದಲು ಹೆಚ್ಚು ಮಾತಾಡಿ, ಬರಬರುತ್ತ ಹಿಂದೆ ಸರಿಯುತ್ತಾರೆ.

ಎರಡು ಕುರ್ಚಿ

ಇನ್ನೊಂದು ಕುರ್ಚಿ ಹಾಕಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಈಗ ಕಕ್ಷಿದಾರರು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ಅವರಿಬ್ಬರ ನಡುವೆ ಪದೇ ಪದೇ ಒಂದೇ ದಾರಿ ಹಿಡಿಯುವ ಜಗಳ. ಇಬ್ಬರೂ ನ್ಯಾಯಾಧೀಶರನ್ನು ಹುಡುಕಿಕೊಂಡು ಬಂದಿರುತ್ತಾರೆ. ‘ನೀವೇ ಹೇಳಿ ಮೇಡಂ, ಇದು ಸರೀನಾ?’ ಎಂಬ ಮಾತು ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ. ಅದಕ್ಕೆ ತೀರ್ಪು ಸಿಗುವುದಿಲ್ಲ. ಒಬ್ಬರ ಪರ ತೀರ್ಪು ಕೊಟ್ಟ ಕ್ಷಣವೇ ಇನ್ನೊಬ್ಬರು ಮನಸ್ಸಿನಲ್ಲೇ ಎದ್ದು ಹೋಗಿರುತ್ತಾರೆ.

ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ದಂಪತಿಗಳನ್ನು ಕೂರಿಸಿ, ಕ್ಯಾಮೆರಾ ಹಚ್ಚಿ, ಮೈಗೆ ನಾಡಿ ಅಳೆಯುವ ತಂತಿ ಜೋಡಿಸಿ, ‘ನಿಮ್ಮಲ್ಲಿ ಜಗಳ ಬರುವ ವಿಷಯವನ್ನೇ ಮಾತಾಡಿ’ ಎಂದು ಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೆ ನೋಡಿದ ಮೇಲೆ ದಾಂಪತ್ಯವನ್ನು ಹಾಳುಮಾಡುವ ನಾಲ್ಕು ನಡೆಗಳನ್ನು ಗುರುತಿಸಿದರು: ವ್ಯಕ್ತಿಯನ್ನೇ ಹಳಿಯುವುದು, ತಾತ್ಸಾರ, ತನ್ನ ತಪ್ಪಿಲ್ಲವೆಂಬ ಸಮರ್ಥನೆ, ಕಲ್ಲಿನಂತೆ ಮೌನವಾಗುವುದು. ನಾಲ್ಕರಲ್ಲಿ ಕೆಟ್ಟದ್ದು ತಾತ್ಸಾರ. ಚೆನ್ನಾಗಿ ಬಾಳುವ ಜೋಡಿಗಳೂ ಜಗಳವಾಡುತ್ತವೆ. ಆದರೆ ಆ ಜಗಳದ ನಡುವೆಯೇ ಒಂದು ಕಹಿಗೆ ಐದರಷ್ಟು ಹಿತವಾದ ನಡೆಗಳಿರುತ್ತವೆ: ಒಂದು ನಗು, ಒಂದು ‘ಹೂಂ, ಅದು ಸರಿ’, ಒಂದು ತಲೆದೂಗು.

ಹೀಗಾಗಿ ಸಮಾಲೋಚಕರು ಜಗಳದ ವಿಷಯಕ್ಕಿಂತ ಅದರ ನಡಿಗೆಯನ್ನು ನೋಡುತ್ತಾರೆ. ‘ನೀವು ಯಾವಾಗ್ಲೂ ನಿಮ್ಮಮ್ಮನ ಮಾತೇ ಕೇಳೋದು’ ಎಂದು ಆಕೆ ಶುರುಮಾಡಿದರೆ, ‘ನಿಮ್ಮ ಮನೆಯವರು ಮಾಡೋದೇನು ಕಮ್ಮೀನಾ?’ ಎಂದು ಆತ. ಆಕೆಯ ಸ್ವರ ಏರುತ್ತದೆ, ಆತ ಮೊಬೈಲ್ ತೆಗೆಯುತ್ತಾನೆ. ಇಲ್ಲಿ ಸಮಾಲೋಚಕರು ಕೈ ಅಡ್ಡ ಹಿಡಿಯುತ್ತಾರೆ. ‘ಯಾವಾಗ್ಲೂ’ ಬಿಟ್ಟು, ಒಂದು ದಿನದ ಒಂದು ಸಂಗತಿಯನ್ನು ಹೇಳಿ ಎನ್ನುತ್ತಾರೆ. ಆಕೆ ಯೋಚಿಸಿ ಹೇಳುತ್ತಾಳೆ: ‘ಭಾನುವಾರ ಊರಿಗೆ ಹೋಗೋದು ಅಂತ ನನ್ನನ್ನ ಕೇಳದೇ ತೀರ್ಮಾನ ಮಾಡಿದ್ರಿ. ನನಗೆ ಲೆಕ್ಕಕ್ಕೇ ಇಲ್ಲ ಅನ್ನಿಸ್ತು.’ ಆತ ಉತ್ತರ ಕೊಡುವ ಮೊದಲು ಆಕೆ ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಕೇಳಲು ಸುಲಭ, ಮಾಡುವಾಗ ಬೆವರು ಬರುತ್ತದೆ. ನಾಡಿಬಡಿತ ನಿಮಿಷಕ್ಕೆ ನೂರು ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ ಎನ್ನುತ್ತಾರೆ ಗಾಟ್‌ಮನ್. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೂರುವುದು ಅದಕ್ಕೆ ಅವರ ಮದ್ದು.

ಮೊದಲೇ ತಿಳಿದಿರಬೇಕಾದ ಎರಡು ವಿಷಯಗಳಿವೆ. ಜೋಡಿಯನ್ನು ನೋಡುವವರು ನಡುವೆ ಇಬ್ಬರನ್ನೂ ಒಂದೊಂದು ಸಲ ಪ್ರತ್ಯೇಕವಾಗಿ ಮಾತಾಡಿಸುವುದುಂಟು. ಆಗ ಹೇಳಿದ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುತ್ತಾರೋ ಇಲ್ಲವೋ ಎಂಬ ನಿಯಮ ಒಬ್ಬೊಬ್ಬ ಸಮಾಲೋಚಕರದು ಒಂದೊಂದು. ಹೇಳುವ ಮೊದಲೇ ಅದನ್ನು ಕೇಳಿಕೊಳ್ಳಿ. ಎರಡನೆಯದು, ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಜೊತೆಯಾಗಿ ಕೂರುವ ಸಮಾಲೋಚನೆ ಸರಿಯಾದ ಜಾಗವಲ್ಲ. ಕೋಣೆಯಲ್ಲಿ ಬಾಯಿಬಿಟ್ಟದ್ದಕ್ಕೆ ಮನೆಯಲ್ಲಿ ಪೆಟ್ಟು ಬೀಳಬಹುದು. ಅಂಥಲ್ಲಿ ಮೊದಲು ಸುರಕ್ಷತೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ನೆರವು, 181 ಮಹಿಳಾ ಸಹಾಯವಾಣಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಂಬಿ ವರ್ಷಗಟ್ಟಲೆ ಕಾದು ಬರುವವರೇ ಹೆಚ್ಚು. ತಡವಾಗಿ ಬಂದರೂ ಪ್ರಯೋಜನವಿದೆಯೇ? ಆಂಡ್ರೂ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ದೀರ್ಘಕಾಲದಿಂದ ತೀವ್ರ ಕಲಹದಲ್ಲಿದ್ದ 134 ಅಮೆರಿಕನ್ ದಂಪತಿಗಳಿಗೆ ಹೆಚ್ಚೆಂದರೆ 26 ಭೇಟಿಗಳ ಚಿಕಿತ್ಸೆ ಕೊಟ್ಟು ಐದು ವರ್ಷ ಹಿಂಬಾಲಿಸಿದರು. ಸುಮಾರು ಅರ್ಧದಷ್ಟು ಜೋಡಿಗಳು ಆಗಲೂ ಗಮನಾರ್ಹವಾಗಿ ಸುಧಾರಿಸಿದ್ದವು. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಜೋಡಿಗಳು ಬೇರ್ಪಟ್ಟಿದ್ದವು. ಮದುವೆಯನ್ನು ಉಳಿಸಿಯೇ ತೀರುತ್ತೇವೆ ಎಂಬ ಭರವಸೆಯನ್ನು ಪ್ರಾಮಾಣಿಕ ಸಮಾಲೋಚಕರು ಯಾರೂ ಕೊಡುವುದಿಲ್ಲ.

ಮನೆಮಂದಿಗೆಲ್ಲ ಕುರ್ಚಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಇನ್ನೊಂದು ಗಾದೆ ಕುಟುಂಬ ಚಿಕಿತ್ಸೆಯ ಪಠ್ಯಪುಸ್ತಕಕ್ಕೆ ಮುನ್ನುಡಿಯಾಗಬಲ್ಲದು. ಶಾಲೆಗೆ ಹೋಗಲೊಲ್ಲದ ಹುಡುಗನನ್ನು ಅಪ್ಪ ಅಮ್ಮ ಕರೆತರುತ್ತಾರೆ. ಸಮಾಲೋಚಕರು ಅಜ್ಜಿಯನ್ನೂ ತಂಗಿಯನ್ನೂ ಕರೆತನ್ನಿ ಎಂದಾಗ ಮನೆಯವರಿಗೆ ಗಲಿಬಿಲಿ: ತೊಂದರೆ ಇರುವುದು ಇವನಿಗೆ, ನಮಗೇಕೆ?

ಮನೆಯವರನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವ ವಿಷಯದಲ್ಲಿ ಭಾರತಕ್ಕೆ ತನ್ನದೇ ಇತಿಹಾಸವಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್, ರೋಗಿಗಳ ಮನೆಯವರು ಜೊತೆಗಿರಲೆಂದು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿದರು. ಬೀಗ ಹಾಕಿದ ವಾರ್ಡುಗಳ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1970ರ ದಶಕದ ಕೊನೆಯಿಂದಲೇ ಕುಟುಂಬಕ್ಕೆಂದೇ ಪ್ರತ್ಯೇಕ ಮನೋವೈದ್ಯಕೀಯ ಘಟಕವಿದೆ. ಪಶ್ಚಿಮದಲ್ಲಿ ಮನೆಯವರನ್ನು ಕೋಣೆಗೆ ಕರೆತರುವುದೇ ಸಾಹಸ. ನಮ್ಮಲ್ಲಿ ರೋಗಿಗೆ ಕೇಳಿದ ಪ್ರಶ್ನೆಗೆ ಮಾವ, ಚಿಕ್ಕಪ್ಪ ಉತ್ತರ ಕೊಡುತ್ತಾರೆ. ರೋಗಿಯ ಸ್ವರ ಕೇಳಿಸಿಕೊಳ್ಳುವುದೇ ಸಾಹಸ.

ಒಳಗೆ ಮೊದಲು ನಡೆಯುವುದು ಒಂದು ಚಿತ್ರ ಬರೆಯುವ ಕೆಲಸ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮೂರು ತಲೆಮಾರು. ಯಾರು ಯಾರೊಂದಿಗೆ ಆಪ್ತರು, ಯಾರ ನಡುವೆ ಮಾತಿಲ್ಲ ಎಂಬುದಕ್ಕೆ ಬೇರೆ ಬೇರೆ ಗೆರೆ. ‘ದೊಡ್ಡಪ್ಪನ ಮನೆಗೆ ಹೋಗಲ್ಲ’ ಎಂದು ಮಗ ಹೇಳುತ್ತಾನೆ. ಏಕೆಂದು ಅವನಿಗೆ ಗೊತ್ತಿಲ್ಲ. ಜಮೀನು ಪಾಲಾದ ವರ್ಷ ಯಾವುದೆಂದು ಅಜ್ಜಿಗೆ ಗೊತ್ತು. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು ಹಾಳೆಯ ಮೇಲೆ ಗೆರೆಯಾಗಿ ಕಾಣುತ್ತದೆ.

ಇಟಲಿಯ ಮಿಲಾನ್‌ನ ಚಿಕಿತ್ಸಕರ ತಂಡ 1980ರಲ್ಲಿ ವಿವರಿಸಿದ ಒಂದು ಪ್ರಶ್ನಾಕ್ರಮವೂ ಬಳಕೆಯಲ್ಲಿದೆ. ಇಬ್ಬರ ಬಗ್ಗೆ ಮೂರನೆಯವರನ್ನು ಕೇಳುವುದು ಅದರ ಗುಟ್ಟು. ‘ಅಣ್ಣ ಶಾಲೆಗೆ ಹೋಗಲ್ಲ ಅಂದ ದಿನ ಅಪ್ಪ ಅಮ್ಮ ಏನು ಮಾಡ್ತಾರೆ?’ ಎಂದು ತಂಗಿಯನ್ನು ಕೇಳಿದರೆ, ‘ಅವತ್ತು ಇಬ್ರೂ ಜಗಳ ಆಡಲ್ಲ, ಅವನ ಹತ್ರಾನೇ ಕೂತಿರ್ತಾರೆ’ ಎಂದು ಆಕೆ ಹೇಳಿಬಿಡಬಹುದು. ಒಂಬತ್ತು ವರ್ಷದ ಹುಡುಗಿಯ ಆ ಉತ್ತರದಿಂದ ‘ಹಟಮಾರಿ ಹುಡುಗ’ನ ಕಥೆಯೇ ತಿರುಗುತ್ತದೆ. ಸಾಲ್ವಡಾರ್ ಮಿನೂಚಿನ್ ಎಂಬ ಹೆಸರಾಂತ ಚಿಕಿತ್ಸಕರು ಭೇಟಿಯ ನಡುವೆ ಎದ್ದು ಮನೆಯವರ ಕುರ್ಚಿಗಳನ್ನೇ ಅದಲುಬದಲು ಮಾಡಿಸುತ್ತಿದ್ದರು: ಅಪ್ಪ ಅಮ್ಮನ ನಡುವೆ ಕೂತ ಮಗುವನ್ನು ಪಕ್ಕಕ್ಕೆ, ಅವರಿಬ್ಬರನ್ನು ಎದುರುಬದುರಿಗೆ.

ಎಷ್ಟು ದಿನ, ಯಾರ ಬಳಿ?

1986ರಲ್ಲಿ ಕೆನೆತ್ ಹೋವರ್ಡ್ ಮತ್ತು ಸಂಗಡಿಗರು 2,400ಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿದಾಗ ಎಂಟು ಭೇಟಿಗಳ ಹೊತ್ತಿಗೆ ಅರ್ಧದಷ್ಟು ಜನರಲ್ಲಿ, 26 ಭೇಟಿಗಳ ಹೊತ್ತಿಗೆ ಮುಕ್ಕಾಲು ಪಾಲು ಜನರಲ್ಲಿ ಸುಧಾರಣೆ ಕಂಡಿತ್ತು. ಒಂದೇ ಭೇಟಿಗೆ ಬಿಡುವುದೂ ವರ್ಷಗಟ್ಟಲೆ ಗುರಿಯಿಲ್ಲದೆ ಹೋಗುವುದೂ ಲೆಕ್ಕಕ್ಕೆ ಕೂರುವುದಿಲ್ಲ. ನಡುವೆ ಕೆಲವು ವಾರ ಮನಸ್ಸು ಮೊದಲಿಗಿಂತ ಕದಡಿದಂತಾಗಬಹುದು; ಮುಚ್ಚಿಟ್ಟದ್ದನ್ನು ತೆರೆದಾಗ ಅದು ಸಹಜ. ಆದರೆ ಶೇ. 5ರಿಂದ 10ರಷ್ಟು ಜನರಿಗೆ ಚಿಕಿತ್ಸೆಯ ಕೊನೆಗೂ ಹದಗೆಟ್ಟೇ ಇರುತ್ತದೆ, ಅದು ಚಿಕಿತ್ಸಕರ ಗಮನಕ್ಕೆ ಬರುವುದು ಕಡಿಮೆ ಎಂಬುದನ್ನು ಮೈಕೆಲ್ ಲ್ಯಾಂಬರ್ಟ್ ಅವರ ಸಂಶೋಧನೆಗಳು ತೋರಿಸಿವೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಪ್ರತಿ ಭೇಟಿಗೂ ಅಂಕ ಅಳೆದು ನೋಡುವುದು. ನಿಮ್ಮ ಕೈಲಿರುವ ಪರಿಹಾರ ಬಾಯಿಬಿಟ್ಟು ಹೇಳುವುದು.

ಯಾರ ಬಳಿ ಹೋಗಬೇಕು ಎಂಬುದರಲ್ಲೂ ಎಚ್ಚರ ಬೇಕು. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಕೀಯ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಬರೀ ‘ಕೌನ್ಸೆಲರ್’ ಎಂದು ಬೋರ್ಡು ಹಾಕಿಕೊಳ್ಳುವವರ ಮೇಲೆ ಅಂಥ ಬಿಗಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ನಿಮ್ಮ ಓದು ಏನು, ಇಂಥ ತೊಂದರೆ ಇರುವವರನ್ನು ನೋಡಿದ್ದೀರಾ, ಎಷ್ಟು ಭೇಟಿ ಬೇಕಾದೀತು, ಫೀಸೆಷ್ಟು, ಸುಧಾರಿಸಿದೆ ಎಂದು ಹೇಗೆ ತಿಳಿಯುತ್ತೀರಿ? ಈ ಪ್ರಶ್ನೆಗಳಿಗೆ ಸಿಡುಕುವವರು, ‘ಗ್ಯಾರಂಟಿ’ ಕೊಡುವವರು, ಡಾಕ್ಟರು ಬರೆದ ಮಾತ್ರೆಯನ್ನು ತಾವೇ ನಿಲ್ಲಿಸಿ ಎನ್ನುವವರು, ಕೋಣೆಯ ಹೊರಗೆ ಸಲಿಗೆ ಬೆಳೆಸಲು ನೋಡುವವರು ನಿಮಗೆ ಬೇಡ. ಮೂರ್ನಾಲ್ಕು ಭೇಟಿಗಳಾದರೂ ‘ನಾವು ಎತ್ತ ಹೋಗುತ್ತಿದ್ದೇವೆ’ ಎಂಬುದು ತಿಳಿಯದಿದ್ದರೆ ಅದನ್ನೇ ಅವರ ಮುಂದಿಡಿ. ಉತ್ತರ ಸಮಾಧಾನ ತರದಿದ್ದರೆ ಬೇರೆಯವರನ್ನು ನೋಡಿ. ಸಮಾಲೋಚಕರನ್ನು ಬದಲಿಸುವುದು ಸಮಾಲೋಚನೆಯನ್ನೇ ಕೈಬಿಟ್ಟಂತೆ ಆಗುವುದಿಲ್ಲ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮಾನಸಿಕ ತೊಂದರೆ ಇರುವವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಲ್ಲಿ ಈ ಕೊರತೆ ಶೇ. 85. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ, ಫೀಸು ಹೊಂದಿಸಲಾಗದಿದ್ದರೆ, ಮೊದಲ ಹೆಜ್ಜೆಗೆ ಟೆಲಿ ಮಾನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.